ಗಾಡಿಯ ಅಡಿಭಾಗ ನೋಡಿ, ಆರ್‌ಸಿಯ ಹೆಸರು ನೋಡಿ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಏಳೆಂಟು ಮಳೆಗಾಲ ಕಂಡ ಕಾರನ್ನು ಮೇಲಿನ ಹೊಳಪು ನೋಡಿ ಕೊಳ್ಳುವುದೆಂದರೆ ಅಲ್ಲಾಡಿಸಿ ನೋಡದೆ ತೆಂಗಿನಕಾಯಿ ಕೊಂಡ ಹಾಗೆ. ಪಾಲಿಶ್ ಒಂದು ದಿನದ ಕೆಲಸ, ಸೀಟ್ ಕವರ್ ಒಂದು ಗಂಟೆಯ ಕೆಲಸ. ಗಾಡಿಯ ಹೊಟ್ಟೆಯನ್ನು ಮಾತ್ರ ಯಾರೂ ಒಂದು ದಿನದಲ್ಲಿ ಹೊಸದು ಮಾಡಲಾರರು. ಐದೋ ಹತ್ತೋ ಹಳೆ ಗಾಡಿ ನಿಲ್ಲಿಸಿಕೊಂಡು ವ್ಯಾಪಾರ ಮಾಡುವ ಸಣ್ಣ ಅಂಗಡಿಯನ್ನು ಈ ಜಿಲ್ಲೆಯಲ್ಲಿ ಮುಳುಗಿಸುವ ಸಂಗತಿಗಳು ಮುಖ್ಯವಾಗಿ ಎರಡು: ಕಣ್ಣಿಗೆ ಬೀಳದ ತುಕ್ಕು, ಮತ್ತು ಹಳೆಯ ಮಾಲೀಕರ ಹೆಸರಲ್ಲೇ ಉಳಿದ ಆರ್‌ಸಿ, ಅಂದರೆ ನೋಂದಣಿ ಪತ್ರ. ಎಂಜಿನ್ ದೋಷವನ್ನು ಒಳ್ಳೆಯ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಹಿಡಿಯುತ್ತಾನೆ, ಖರ್ಚೂ ಇಷ್ಟೇ ಎಂದು ಹೇಳುತ್ತಾನೆ. ಈ ಎರಡಕ್ಕೆ ಹಾಗೆ ಲೆಕ್ಕ ಸಿಗುವುದಿಲ್ಲ.

ಮೊದಲು ತುಕ್ಕು. ಗಾಡಿಯನ್ನು ರ‍್ಯಾಂಪ್ ಮೇಲೆ ಅಥವಾ ಗುಂಡಿಯ ಮೇಲೆ ನಿಲ್ಲಿಸದೆ ಬೆಲೆಯ ಮಾತು ಎತ್ತಬಾರದು. ಬರೀ ಜ್ಯಾಕ್ ಕೊಟ್ಟು ಕೆಳಗೆ ನುಸುಳುವುದಂತೂ ಬೇಡವೇ ಬೇಡ, ಜ್ಯಾಕ್ ಜಾರಿದರೆ ಜೀವ ಹೋಗುತ್ತದೆ. ಒಂದು ಟಾರ್ಚ್, ಮರದ ಹಿಡಿಯ ಒಂದು ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ ಸಾಕು. ಸ್ಕ್ರೂಡ್ರೈವರಿನ ಹಿಡಿಯಿಂದ ರನ್ನಿಂಗ್ ಬೋರ್ಡಿನ ಅಡಿ, ಜ್ಯಾಕ್ ಕೊಡುವ ಜಾಗ, ಮುಂದಿನ ಕ್ರಾಸ್ ಮೆಂಬರ್ (ಅಡಿಯ ಅಡ್ಡ ತೊಲೆ), ಹಿಂದಿನ ಆಕ್ಸಲ್ ಜೋಡಣೆಯ ಸುತ್ತ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಒಳಗಿಂದ ತಿಂದದ್ದು ಡಬ್ ಎನ್ನುತ್ತದೆ, ಕೆಲವೊಮ್ಮೆ ಒಳಗಿನಿಂದ ಪುಡಿ ಉದುರುವ ಸದ್ದೂ ಕೇಳುತ್ತದೆ. ಆಮೇಲೆ ಬ್ರೇಕ್ ಪೈಪನ್ನು ಮುಂದಿನಿಂದ ಹಿಂದಿನ ಚಕ್ರದವರೆಗೆ ಕಣ್ಣಲ್ಲೇ ಹಿಂಬಾಲಿಸಿ. ಪೈಪು ಕೊಳೆಯುವುದು ಹೆಚ್ಚಾಗಿ ಕ್ಲಿಪ್ ಹಿಡಿದ ಜಾಗದಲ್ಲಿ, ಏಕೆಂದರೆ ಉಪ್ಪು ಬೆರೆತ ಕೆಸರು ಕೂತು ಒದ್ದೆಯಾಗಿಯೇ ಉಳಿಯುವುದು ಅಲ್ಲೇ.

ತುಕ್ಕೆಲ್ಲ ಒಂದೇ ಅಲ್ಲ. ಬೋಲ್ಟ್‌ಗಳ ತಲೆ, ಸೈಲೆನ್ಸರ್ ಜೋಡಣೆ ಕಂದು ಬಣ್ಣಕ್ಕೆ ತಿರುಗಿದ್ದರೆ ಕರಾವಳಿಯ ಗಾಡಿಗೆ ಅದು ಸಹಜ, ಬೆಲೆ ಕಡಿಮೆ ಮಾಡಲು ಕಾರಣವಲ್ಲ. ಪದರ ಪದರವಾಗಿ ಏಳುವ ತುಕ್ಕು ಕ್ರಾಸ್ ಮೆಂಬರಿನ ಮೇಲಿದ್ದರೆ ದುರಸ್ತಿಯ ಖರ್ಚನ್ನು ಮಾರುವವರ ಎದುರೇ ಬರೆದು ಬೆಲೆಯಲ್ಲಿ ಕಳೆಯಬೇಕು. ಜ್ಯಾಕ್ ಪಾಯಿಂಟ್‌ನಲ್ಲೋ, ಬೋನೆಟ್ ಕೆಳಗೆ ಶಾಕ್ ಅಬ್ಸಾರ್ಬರ್ ಕೂರುವ ಟವರ್‌ನಲ್ಲೋ ತೂತು ಬಿದ್ದಿದ್ದರೆ ಆ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡಿ. ಅಲ್ಲಿ ತಗಡು ಬೆಸೆದು ಬಣ್ಣ ಬಳಿದು ಮಾರಿದರೆ ನೀವು ಮಾರಿದ್ದು ಗಾಡಿಯಲ್ಲ, ಅಪಘಾತ.

ಬಾಗಿಲಿನ ಕೆಳ ಅಂಚಿನಲ್ಲಿ, ಡಿಕ್ಕಿ ಬಾಗಿಲಿನ ನಂಬರ್ ಪ್ಲೇಟ್ ಸುತ್ತ, ಮಡ್‌ಗಾರ್ಡಿನ ಮಡಿಕೆಯಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ತುಕ್ಕು ಒಳಗಿನಿಂದ ಹೊರಗೆ ಬಂದಿದೆ ಎಂದರ್ಥ. ಇದನ್ನು ಮುಚ್ಚಲು ಪುಟ್ಟಿ ಹಾಕಿರುತ್ತಾರೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಪುಟ್ಟಿಯ ಮೇಲೆ ಹಿಡಿಯುವುದಿಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಕಂಪನಿಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್, ಮತ್ತೆ ಬಳಿದದ್ದು 200 ದಾಟುತ್ತದೆ, ಪುಟ್ಟಿ ಇದ್ದರೆ 300, 500, ಸಾವಿರಕ್ಕೂ ಹೋಗುತ್ತದೆ. ಒಂದೇ ಬಾಗಿಲಿನ ನಾಲ್ಕು ಮೂಲೆಯಲ್ಲಿ ಅಳೆಯಿರಿ, ಮಧ್ಯದಲ್ಲಿ ಮಾತ್ರ ಅಲ್ಲ.

ಕೊಂಡ ಮೇಲೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸುವವರು ಬಹಳ. ಆದರೆ ತುಕ್ಕಿನ ಮೇಲೆಯೇ ಕಪ್ಪು ಕೋಟಿಂಗ್ ಹೊಡೆದರೆ ತೇವ ಒಳಗೇ ಸಿಕ್ಕಿಬಿದ್ದು ಮೊದಲಿಗಿಂತ ಬೇಗ ತಿನ್ನುತ್ತದೆ. ಸರಿಯಾದ ಕ್ರಮ ಹೀಗೆ: ಸಿಹಿನೀರಿನ ಒತ್ತಡದಲ್ಲಿ ತೊಳೆದು ಎರಡು ದಿನ ಒಣಗಲು ಬಿಡಬೇಕು, ತಂತಿ ಬ್ರಷ್‌ನಿಂದ ಸಡಿಲ ತುಕ್ಕು ತೆಗೆಯಬೇಕು, ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ ಕಪ್ಪಾಗುವವರೆಗೆ ಕಾಯಬೇಕು, ಎಪಾಕ್ಸಿ ಪ್ರೈಮರ್ ಕೊಡಬೇಕು, ಕೊನೆಗೆ ಕೋಟಿಂಗ್. ಸೈಲೆನ್ಸರ್, ಬ್ರೇಕ್ ಡಿಸ್ಕ್, ರಬ್ಬರ್ ಬುಷ್‌ಗಳ ಮೇಲೆ ಸಿಡಿಯಬಾರದು. ಬಾಗಿಲು ಮತ್ತು ರನ್ನಿಂಗ್ ಬೋರ್ಡಿನ ನೀರು ಇಳಿಯುವ ರಂಧ್ರಗಳನ್ನು ಮುಚ್ಚಲೇಬಾರದು. ಈ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳೇ ಸರಿ. ಜೂನ್ ಎರಡನೇ ವಾರದಲ್ಲಿ ಮಾಡಿಸಿದರೆ ದುಡ್ಡು ನೀರಿಗೆ.

ಮೀನು ಸಾಗಿಸಿದ ಗಾಡಿಯನ್ನು ಬೇರೆಯಾಗಿಯೇ ನೋಡಬೇಕು. ಈಕೋ, ಓಮ್ನಿಗಳ ಹಿಂದಿನ ನೆಲಕ್ಕೆ ಮಂಜುಗಡ್ಡೆ ಕರಗಿದ ಉಪ್ಪುನೀರು ವರ್ಷಗಟ್ಟಲೆ ಇಳಿದಿರುತ್ತದೆ. ಮ್ಯಾಟ್ ಎತ್ತಿ ನೋಡಿ. ವಾಸನೆಯನ್ನು ಸುಗಂಧ ಹೊಡೆದು ಒಂದು ವಾರ ಮುಚ್ಚಬಹುದು, ಬಿಸಿಲಲ್ಲಿ ಗಾಜು ಏರಿಸಿ ಒಂದು ತಾಸು ನಿಲ್ಲಿಸಿದರೆ ಅದು ತಾನೇ ಹೊರಬರುತ್ತದೆ.

ನೆರೆ ನೀರು ಹೊಕ್ಕ ಗಾಡಿ ಇನ್ನೂ ಅಪಾಯಕಾರಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಉಕ್ಕಿದಾಗ ದಂಡೆಯ ಊರುಗಳ ಗಾಡಿಗಳು ಮಾತ್ರವಲ್ಲ, ಬೇರೆ ಊರಿನ ನೆರೆಯಲ್ಲಿ ನಿಂತ ಗಾಡಿಗಳೂ ತೊಳೆಸಿಕೊಂಡು ಇಲ್ಲಿಗೆ ಬರುತ್ತವೆ. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆಯಿರಿ. ಕೊನೆಯ ಒಂದು ಅಡಿಯಲ್ಲಿ ಕೆಸರಿನ ಗೆರೆ ಸಿಕ್ಕರೆ ಮಾತು ಮುಗಿಯಿತು. ಬೆಲ್ಟ್ ಹೊಸದಾಗಿದ್ದು ಗಾಡಿ ಹಳೆಯದಾಗಿದ್ದರೂ ಅನುಮಾನ ಪಡಿ. ಸೀಟಿನ ಹಳಿಯ ಬೋಲ್ಟ್, ಸ್ಟೆಪ್ನಿ ಇಡುವ ಗುಳಿ, ಕಾರ್ಪೆಟ್ ಕೆಳಗಿನ ದಪ್ಪ ಫೆಲ್ಟ್, ಫ್ಯೂಸ್ ಬಾಕ್ಸಿನ ಮೂಲೆಗಳನ್ನು ನೋಡಿ. ಇಂಥ ಗಾಡಿಯ ವೈರಿಂಗ್ ಕನೆಕ್ಟರ್‌ಗಳು ಹಸಿರುಗಟ್ಟಲು ಕೆಲವು ತಿಂಗಳು ಬೇಕು. ಅಷ್ಟರಲ್ಲಿ ಅದು ನಿಮ್ಮ ಗಿರಾಕಿಯ ಮನೆಯಲ್ಲಿರುತ್ತದೆ.

ಘಟ್ಟದ ಮೇಲಿನ ಗಾಡಿಯ ಕಥೆ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾರುಗಳಲ್ಲಿ ಉಪ್ಪಿನ ತುಕ್ಕು ಕಡಿಮೆ, ಸವೆತ ಜಾಸ್ತಿ. ದೇವಿಮನೆ, ಅರಬೈಲು ಘಟ್ಟ ಹತ್ತಿ ಇಳಿದ ಗಾಡಿಯ ಕ್ಲಚ್ ನೋಡಲು ಏರಿನಲ್ಲಿ ಮೂರನೇ ಗೇರಿಗೆ ಹಾಕಿ, ನಿಧಾನ ವೇಗದಿಂದ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಇಳಿಜಾರಿನ ಬಳಿಕ ಬ್ರೇಕ್ ಪೆಡಲ್ ನಡುಗಿದರೆ ಡಿಸ್ಕ್ ಬಾಗಿದೆ. ತೋಟದ ಮನೆಯ ಅಂಗಳದಲ್ಲಿ ಮರದ ಕೆಳಗೆ ನಿಂತ ಗಾಡಿಗಳಲ್ಲಿ ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕೊಳೆತು ನೀರಿನ ದಾರಿ ಕಟ್ಟಿಕೊಳ್ಳುತ್ತದೆ. ಆ ನೀರು ಒಳಗೆ ಇಳಿದು ಎಡಗಡೆ ಕಾರ್ಪೆಟ್ ನೆನೆದಿರುತ್ತದೆ. ಅದನ್ನು ನೆರೆಯ ನೀರೆಂದು ತಪ್ಪಾಗಿ ತಿಳಿದು ಒಳ್ಳೆಯ ಗಾಡಿ ಬಿಟ್ಟುಬಿಡಬೇಡಿ, ಎಲೆ ತೆಗೆದರೆ ಸರಿಹೋಗುತ್ತದೆ. ಇಲಿ ಕಡಿದ ವೈರಿಗೆ ಟೇಪ್ ಸುತ್ತಿದ್ದರೆ ಆ ಟೇಪ್ ಬಿಚ್ಚಿಯೇ ನೋಡಬೇಕು.

ಎಂಜಿನ್ ಪರೀಕ್ಷೆ ಬೆಳಿಗ್ಗೆ, ತಣ್ಣಗಿರುವಾಗ. ಬೋನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.5. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: 2321 ಎಂದರೆ 2021ರ 23ನೇ ವಾರ ತಯಾರಾದದ್ದು.

ಇನ್ನು ಕಾಗದಪತ್ರ. ಕಾರವಾರದವರಿಗೆ ಇಲ್ಲಿಯೇ ಹೆಚ್ಚು ಪೆಟ್ಟು ಬೀಳುವುದು, ಏಕೆಂದರೆ ಮಾಜಾಳಿ ದಾಟಿದರೆ ಗೋವಾ. ಅಲ್ಲಿನ ಗಾಡಿ ಇಲ್ಲಿಗಿಂತ ಅಗ್ಗವಾಗಿ ಕಾಣುತ್ತದೆ. ಆದರೆ ಅದನ್ನು ಕಾರವಾರದ ಕೆಎ–30 ನೋಂದಣಿಗೆ ತರಬೇಕಾದರೆ ಗೋವಾದ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ, ಇಲ್ಲಿ ಹೊಸ ಸಂಖ್ಯೆಗೆ ಫಾರಂ 27, ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆ. ಆ ತೆರಿಗೆಯ ಲೆಕ್ಕ ನೀವು ಕೊಟ್ಟ ಬೆಲೆಯ ಮೇಲಲ್ಲ. ಗಾಡಿ ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಷ್ಟು ಕಡಿತ ಕೊಡುತ್ತಾರೆ. ಮುಂಗಡ ಕೊಡುವ ಮೊದಲೇ ಈ ಮೊತ್ತ ಕೇಳಿ ತಿಳಿದುಕೊಂಡರೆ ‘ಅಗ್ಗದ’ ಗೋವಾ ಗಾಡಿ ಎಷ್ಟೋ ಸಲ ಇಲ್ಲಿನದಕ್ಕಿಂತ ದುಬಾರಿ ಎಂದು ಗೊತ್ತಾಗುತ್ತದೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಹೊಸ ಸಂಖ್ಯೆ ಪಡೆಯಲೇಬೇಕು. ಇನ್ನೊಂದು ಮಾತು: ಗೋವಾದಲ್ಲಿ ಕಪ್ಪು ಪ್ಲೇಟಿನಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಓಡಿ, ಆಮೇಲೆ ಖಾಸಗಿಗೆ ಬದಲಾದ ಕಾರುಗಳಿವೆ. ಆರ್‌ಸಿಯ ಹಳೆಯ ವಿವರ ಕೇಳಿ. ಕಾರ್ಪೆಟ್ ಕೆಳಗಿನ ಮರಳೂ ಪೆಡಲ್ ರಬ್ಬರಿನ ಸವೆತವೂ ಉಳಿದದ್ದನ್ನು ಹೇಳುತ್ತವೆ.

ಕದಂಬ ನೌಕಾನೆಲೆ ಮತ್ತು ಕೈಗಾದಲ್ಲಿ ಕೆಲಸ ಮಾಡುವವರು ವರ್ಗವಾಗಿ ಹೋಗುವಾಗ ಮಾರುವ ಗಾಡಿಗಳು ಸಾಮಾನ್ಯವಾಗಿ ಚೆನ್ನಾಗಿ ನೋಡಿಕೊಂಡವು, ಸರ್ವಿಸ್ ದಾಖಲೆಯೂ ಇರುತ್ತದೆ. ಆದರೆ ಬಿಎಚ್ ಸರಣಿಯ (ವರ್ಗವಾಗುವ ನೌಕರರಿಗೆ ದೇಶವಿಡೀ ನಡೆಯುವ) ಸಂಖ್ಯೆ ಇದ್ದರೆ ತೆರಿಗೆ ಜೀವಾವಧಿಗೆ ಕಟ್ಟಿರುವುದಿಲ್ಲ, ಎರಡೆರಡು ವರ್ಷಕ್ಕೆ ಕಟ್ಟಿರುತ್ತಾರೆ. ಯಾವ ತಿಂಗಳವರೆಗೆ ಕಟ್ಟಿದೆ ನೋಡಿ. ಆ ಸರಣಿಗೆ ಅರ್ಹರಲ್ಲದ ಗಿರಾಕಿ ಕೊಂಡರೆ ರಾಜ್ಯದ ಸಂಖ್ಯೆಗೆ ಬದಲಿಸಿ ಇಲ್ಲಿನ ತೆರಿಗೆ ಕಟ್ಟಬೇಕು.

ಸಾಲ ತೀರಿದೆ ಎನ್ನುವುದೂ ಆರ್‌ಸಿಯಿಂದ ಎಚ್‌ಪಿ (ಸಾಲದ ನಮೂದು) ತೆಗೆದಿದೆ ಎನ್ನುವುದೂ ಒಂದೇ ಅಲ್ಲ. ಬ್ಯಾಂಕಾಗಲಿ ಸೊಸೈಟಿಯಾಗಲಿ ಸಹಿ ಮಾಡಿದ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ‘ಗಾಡಿ ಅಪ್ಪನ ಹೆಸರಲ್ಲಿದೆ, ಅಪ್ಪ ತೀರಿಕೊಂಡಿದ್ದಾರೆ’ ಎಂದರೆ ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಆಗಬೇಕು, ಉಳಿದ ಮಕ್ಕಳ ಒಪ್ಪಿಗೆಯೂ ಬೇಕು. ಚಾಸಿ ನಂಬರನ್ನು ಪೆನ್ಸಿಲ್ ಉಜ್ಜಿ ತೆಗೆದು ಆರ್‌ಸಿಗೆ ಹೋಲಿಸಿ. ಬಾಕಿ ದಂಡ, ವಿಮೆ, ಎಷ್ಟನೇ ಮಾಲೀಕರು ಎಂಬುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಅಂದೇ ನೋಡಿ.

ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿಸಿ ಡ್ರಾಯರಿನಲ್ಲಿಟ್ಟು, ಗಿರಾಕಿ ಸಿಕ್ಕಾಗ ತುಂಬುವ ಹಳೆಯ ಪದ್ಧತಿ ಇನ್ನೂ ನಡೆದೇ ಇದೆ. ಇದು ಮಾರಿದವರಿಗೆ ಮಾಡುವ ಅನ್ಯಾಯ. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ದಾಖಲೆಯಲ್ಲಿರುವ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿ ಮಾರಿ ಮರೆತ ಮೇಷ್ಟ್ರ ಮನೆಗೆ ಮೂರು ವರ್ಷದ ಬಳಿಕ ಪರಿಹಾರದ ನೋಟಿಸ್ ಬರುವುದು ಹೀಗೆ. ಇದಕ್ಕೆಂದೇ 2023ರ ಏಪ್ರಿಲ್ 1ರಿಂದ ಕೇಂದ್ರದ ನಿಯಮ ಜಾರಿಯಲ್ಲಿದೆ: ಹಳೆ ಗಾಡಿ ವ್ಯಾಪಾರಿ ಫಾರಂ 29ಎಯಲ್ಲಿ ಅರ್ಜಿ ಹಾಕಿ ಆರ್‌ಟಿಒದಿಂದ 5 ವರ್ಷದ ಅಧಿಕಾರ ಪತ್ರ ಪಡೆಯಬೇಕು, ಗಾಡಿ ಅಂಗಳಕ್ಕೆ ಬಂದಾಗ ಫಾರಂ 29ಸಿ ಸಲ್ಲಿಕೆಯಾಗಬೇಕು. ಅಲ್ಲಿಂದ ಹೊಣೆ ವ್ಯಾಪಾರಿಯದು. ಹೆಸರು ವರ್ಗಾವಣೆ, ಎನ್‌ಒಸಿ, ಆರ್‌ಸಿಯ ನಕಲು ಪ್ರತಿಗೆ (ಡುಪ್ಲಿಕೇಟ್) ಅವರೇ ಅರ್ಜಿ ಹಾಕಬಹುದು. ಗಾಡಿಯನ್ನು ಟ್ರಯಲ್, ದುರಸ್ತಿ, ಬಣ್ಣ, ತಪಾಸಣೆಗೆ ಮಾತ್ರ ರಸ್ತೆಗಿಳಿಸಬಹುದು. ಅಂಗಳದ ಕಾರಿನಲ್ಲಿ ಮದುವೆಗೆ ಹೋಗುವಂತಿಲ್ಲ.

ವಿಮೆಯಲ್ಲೂ ಎಡವುವವರು ಇದ್ದಾರೆ. ಮೂರನೇ ವ್ಯಕ್ತಿಯ ವಿಮೆ ಗಾಡಿಯ ಜೊತೆ ಬರುತ್ತದೆ, ಸ್ವಂತ ಗಾಡಿಯ ಹಾನಿಯದ್ದು ತಾನಾಗಿ ಬರುವುದಿಲ್ಲ. 14 ದಿನದೊಳಗೆ ಹೆಸರು ಬದಲಿಸಬೇಕು. ಎನ್‌ಸಿಬಿ ರಿಯಾಯಿತಿ (ವಿಮೆ ಹಣ ಕೇಳದ ವರ್ಷಗಳಿಗೆ ಸಿಗುವುದು) ಮಾಲೀಕರದ್ದು, ಗಾಡಿಯದ್ದಲ್ಲ. ಅದರ ವ್ಯತ್ಯಾಸವನ್ನು ಹೊಸಬರು ಕಟ್ಟಬೇಕೆಂದು ಮೊದಲೇ ಹೇಳಿಬಿಡಿ.

ಲೆಕ್ಕಕ್ಕೆ ಬರೋಣ. 2025ರ ಜನವರಿ 16ರಿಂದ ಜಿಎಸ್‌ಟಿ ನೋಂದಾಯಿತ ವ್ಯಾಪಾರಿ ಹಳೆ ಕಾರು ಮಾರಿದರೆ, ಸಣ್ಣದಿರಲಿ ದೊಡ್ಡದಿರಲಿ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಶೇ. 18. ನಷ್ಟಕ್ಕೆ ಮಾರಿದರೆ ತೆರಿಗೆ ಇಲ್ಲ. ಎಲ್ಲರೂ ತಪ್ಪುವುದು ಒಂದು ಕಡೆ: ದುರಸ್ತಿಯ ಖರ್ಚನ್ನು ಕೊಂಡ ಬೆಲೆಗೆ ಸೇರಿಸುವಂತಿಲ್ಲ. 3,00,000ಕ್ಕೆ ಕೊಂಡು, 25,000 ಖರ್ಚು ಮಾಡಿ, ತೆರಿಗೆ ಸೇರಿ 3,60,000ಕ್ಕೆ ಮಾರಿದಿರಿ ಎನ್ನಿ. ಅಂತರ 60,000, ಅದರೊಳಗಿನ ಜಿಎಸ್‌ಟಿ 9,153. ಎರಡು ತಿಂಗಳು ನಿಂತಿದ್ದರೆ ವರ್ಷಕ್ಕೆ ಶೇ. 12ರಂತೆ ಬಡ್ಡಿ 6,000. ದುರಸ್ತಿ ಕಳೆದರೆ ಉಳಿಯುವುದು 19,847. ಜಾಗದ ಬಾಡಿಗೆ, ಕಮಿಷನ್ ಇದರಲ್ಲೇ ಹೋಗಬೇಕು. ಗಾಡಿ ಇನ್ನೂ ನಾಲ್ಕು ತಿಂಗಳು ನಿಂತರೆ ಬಡ್ಡಿಯೇ ಮತ್ತೆ 12,000 ತಿನ್ನುತ್ತದೆ. ಹಾಗಾಗಿ 60 ದಿನ ದಾಟಿದ ಗಾಡಿಯ ಬೆಲೆ ಇಳಿಸಲು ಹಿಂಜರಿಯಬಾರದು.

2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಎರಡು ಮೂರು ವರ್ಷದ ಗಾಡಿಗೆ ಬೆಲೆ ಕಟ್ಟುವಾಗ ಮಾಲೀಕರು ತೋರಿಸುವ ಹಳೆಯ ಬಿಲ್ ಪಕ್ಕಕ್ಕಿಟ್ಟು, ಅದೇ ಮಾದರಿಯ ಇಂದಿನ ಹೊಸ ಬೆಲೆಯಿಂದ ಕೆಳಗಿಳಿಯುತ್ತ ಬನ್ನಿ. ಅಡಿಕೆ ಮಾರಿದ ಕೈಯಲ್ಲಿ ನಗದು ತರುವ ಗಿರಾಕಿಗೆ ವಿನಯದಿಂದಲೇ ಹೇಳಬೇಕು: ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮಳೆಗಾಲದಲ್ಲಿ ವ್ಯಾಪಾರ ಮಂದ, ನಿಂತ ಗಾಡಿಗೆ ಮಾತ್ರ ಕೆಲಸ ಹೆಚ್ಚು. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹಿಂದಿನ ಡ್ರಮ್ಮಿಗೆ ಶೂ ತುಕ್ಕಿನಲ್ಲಿ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡುವುದರಿಂದ ಬ್ಯಾಟರಿ ತುಂಬುವುದಿಲ್ಲ, ಇನ್ನಷ್ಟು ಖಾಲಿಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಇಲ್ಲವೇ ಚಾರ್ಜರ್ ಹಾಕಿ. ಟಾರ್ಪಾಲನ್ನು ಗಾಡಿಗೆ ಅಂಟಿಸಿ ಹೊದಿಸಿದರೆ ಒಳಗೆ ಬೂಷ್ಟು ಬೆಳೆಯುತ್ತದೆ. ತಗಡಿನ ಚಪ್ಪರದ ಕೆಳಗೆ ಗಾಜು ಒಂದು ಬೆರಳು ಇಳಿಸಿಡುವುದೇ ಮೇಲು.

ಕೀ ಕೊಡುವ ದಿನ ಗಿರಾಕಿಗೆ ಒಂದು ಹಾಳೆ ಕೊಡಿ: ತುಕ್ಕು ಎಲ್ಲೆಲ್ಲಿದೆ, ಎಲ್ಲಿ ಮರುಬಣ್ಣ ಆಗಿದೆ, ಟೈರಿನ ವರ್ಷ, ಓಡಿದ ಕಿಲೋಮೀಟರ್, ಗಾಡಿ ಒಪ್ಪಿಸಿದ ದಿನಾಂಕ ಮತ್ತು ಗಂಟೆ. ಅಡಿಭಾಗದ ಐದಾರು ಫೋಟೊಗಳನ್ನು ಅವರ ಫೋನಿಗೆ ಕಳಿಸಿ. ಹಳೆಯ ಮಾಲೀಕರ ಫಾಸ್ಟ್‌ಟ್ಯಾಗ್ ಕಿತ್ತು, ಖಾತೆ ಮುಚ್ಚಿಸಿದ ಮೇಲೆಯೇ ಗಾಡಿ ಹೊರಗೆ ಬಿಡಿ. ಇಲ್ಲದಿದ್ದರೆ ಗಿರಾಕಿ ಮೊದಲ ಟೋಲ್ ದಾಟಿದಾಗ ದುಡ್ಡು ಹೋಗುವುದು ಮಾರಿದವರ ಖಾತೆಯಿಂದ, ಫೋನು ಬರುವುದು ನಿಮಗೆ.