ಸಿಸಿಐಇ ಲ್ಯಾಬ್: ಕಟ್ಟಿದ್ದು ನಡೆಯುತ್ತಿದೆಯೇ ಎಂದು ನೋಡುವ ಅಭ್ಯಾಸ

ಸಿಸಿಐಇ ಅಂದರೆ ಸಿಸ್ಕೊ ಕಂಪನಿ ನೆಟ್‌ವರ್ಕ್ ಪರಿಣತರಿಗೆ ಕೊಡುವ ಸರ್ಟಿಫಿಕೇಟ್, ಅದರ ಪ್ರಾಯೋಗಿಕ ಪರೀಕ್ಷೆಯೇ ಲ್ಯಾಬ್. ಅದಕ್ಕೆ ಕೂರುವವರಿಗೆ ಕಮಾಂಡ್ ಗೊತ್ತಿಲ್ಲದಿರುವುದು ಅಪರೂಪ. ರೂಟರ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಓಎಸ್‌ಪಿಎಫ್, ಬಿಜಿಪಿ ಪ್ರೋಟೊಕಾಲ್‌ಗಳೆಲ್ಲ ಬಾಯಿಪಾಠ, ಬೆರಳಿಗೂ ಪಾಠ. ಆದರೂ ಫೇಲ್ ಆಗುತ್ತಾರೆ. ನನ್ನ ಹತ್ತಿರ ತಯಾರಿಗೆ ಬರುವ ಹುಡುಗರ ಲ್ಯಾಬ್ ನೋಡಿದರೆ ಕಾರಣ ಬೇಗ ಗೊತ್ತಾಗುತ್ತದೆ. ಕಾನ್ಫಿಗ್ (ರೂಟರಿಗೆ ಕೊಡುವ ಸೆಟ್ಟಿಂಗ್) ಹಾಕುವುದನ್ನು ತಿಂಗಳುಗಟ್ಟಲೆ ರೂಢಿ ಮಾಡಿಕೊಂಡಿರುತ್ತಾರೆ. ಹಾಕಿದ್ದು ನಡೆಯುತ್ತಿದೆ ಎಂದು ತೋರಿಸಿ ಅಂದರೆ ಆ ಕಡೆ ತಲುಪುತ್ತದೆಯೇ ಎಂದು ಒಂದು ಪಿಂಗ್ ಹೊಡೆದು ಸುಮ್ಮನಾಗುತ್ತಾರೆ.

ಪರೀಕ್ಷೆ ಶುರುವಾದದ್ದು 1993ರಲ್ಲಿ. ಮೊದಲು ಎರಡು ದಿನ ನಡೆಯುತ್ತಿತ್ತು, 2001ರಿಂದ ಒಂದೇ ದಿನ, ಎಂಟು ಗಂಟೆ. 2020ರ ಫೆಬ್ರವರಿಯಲ್ಲಿ ಬಂದ ಎಂಟರ್‌ಪ್ರೈಸ್ ಇನ್‌ಫ್ರಾಸ್ಟ್ರಕ್ಚರ್ ರೂಪದಲ್ಲಿ ಮೊದಲ ಮೂರು ಗಂಟೆ ಡಿಸೈನ್, ಉಳಿದ ಐದು ಗಂಟೆ ಕಟ್ಟುವುದು, ನಡೆಸುವುದು, ಸರಿಪಡಿಸುವುದು. ಇದಕ್ಕೂ ಮುಂಚೆ 350-401 ಎಂಬ ಎರಡು ಗಂಟೆಯ ಪರೀಕ್ಷೆ ಪಾಸಾಗಿರಬೇಕು. ಲ್ಯಾಬ್‌ನ ಎರಡೂ ಭಾಗಗಳಲ್ಲಿ ಕನಿಷ್ಠ ಅಂಕ ಬರಬೇಕು, ಒಟ್ಟು ಅಂಕವೂ ಮುಟ್ಟಬೇಕು.

ಡಿಸೈನ್ ಭಾಗವನ್ನು ನಮ್ಮವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ ರೂಟರ್ ಇಲ್ಲ. ಒಂದು ಕಂಪನಿಯ ಇಮೇಲ್‌ಗಳು, ನಕ್ಷೆಗಳು, ಬೇಕು-ಬೇಡಗಳ ಪಟ್ಟಿ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಉತ್ತರಿಸಿ ಮುಂದೆ ಹೋದರೆ ಮತ್ತೆ ಹಿಂದಕ್ಕೆ ಬರುವಂತಿಲ್ಲ. ವಿಚಿತ್ರವೆಂದರೆ ಇಲ್ಲಿ ಎಡವುವವರಲ್ಲಿ ಅನುಭವಿಗಳೇ ಜಾಸ್ತಿ. ತಮ್ಮ ಆಫೀಸಿನ ನೆಟ್‌ವರ್ಕಿಗೆ ಯಾವುದು ಸರಿಯೋ ಅದನ್ನೇ ಒತ್ತಿಬಿಡುತ್ತಾರೆ. ಎರಡನೇ ಲಿಂಕಿಗೆ ದುಡ್ಡಿಲ್ಲ ಎಂಬ ಒಂದು ಸಾಲು ಯಾವುದೋ ಮೇಲ್‌ನ ಕೊನೆಯಲ್ಲಿ ಇದ್ದರೆ, ಉತ್ತರ ಆ ಸಾಲಿನ ಮೇಲೆ ನಿಂತಿರುತ್ತದೆ.

ಇನ್ನು ಐದು ಗಂಟೆಯ ಭಾಗ. ನಾನು ಅಭ್ಯಾಸಕ್ಕೆ ಕೊಡುವ ಒಂದು ದೋಷವನ್ನು ಹತ್ತಿರದಿಂದ ನೋಡಿ. ಎಂಪಿಎಲ್‌ಎಸ್ ವಿಪಿಎನ್, ಅಂದರೆ ಪ್ಯಾಕೆಟ್ಟಿಗೆ ಲೇಬಲ್ ಅಂಟಿಸಿ ಗ್ರಾಹಕನ ಆಫೀಸುಗಳನ್ನು ಸೇವಾ ಕಂಪನಿಯ ಜಾಲದ ಮೂಲಕ ಜೋಡಿಸುವ ವಿಧಾನ. ಎರಡು ತುದಿಯಲ್ಲಿ ಗ್ರಾಹಕನ ಕಡೆ ತಾಗುವ ಪಿಇ ರೂಟರ್‌ಗಳು, ನಡುವೆ ಪಿ ರೂಟರ್. ಕೋರ್‌ನಲ್ಲಿ (ನಡುವಿನ ಜಾಲದಲ್ಲಿ) ಓಎಸ್‌ಪಿಎಫ್, ಜೊತೆಗೆ ಲೇಬಲ್ ಹಂಚುವ ಎಲ್‌ಡಿಪಿ. ಪಿಇಗಳ ಲೂಪ್‌ಬ್ಯಾಕ್ (ರೂಟರ್ ಒಳಗಿನ ಕಾಲ್ಪನಿಕ ಇಂಟರ್‌ಫೇಸ್) ನಡುವೆ ಪಿಂಗ್ ಹೋಗುತ್ತಿದೆ, ಬಿಜಿಪಿ ಎದ್ದಿದೆ, ವಿಆರ್‌ಎಫ್‌ನಲ್ಲಿ (ಗ್ರಾಹಕನಿಗೆಂದೇ ಇಟ್ಟ ಪ್ರತ್ಯೇಕ ರೂಟಿಂಗ್ ಟೇಬಲ್) ಅವನ ರೂಟ್ ಕೂಡ ಕಾಣುತ್ತಿದೆ. ಆದರೆ ಗ್ರಾಹಕನ ಒಂದು ಆಫೀಸಿನಿಂದ ಇನ್ನೊಂದಕ್ಕೆ ಪಿಂಗ್ ಹೋಗುತ್ತಿಲ್ಲ. ಹುಡುಗರು ತಕ್ಷಣ ವಿಆರ್‌ಎಫ್ ಅಳಿಸಿ ಮತ್ತೆ ಬರೆಯಲು ಶುರುಮಾಡುತ್ತಾರೆ. ಅರ್ಧ ಗಂಟೆ ಅಲ್ಲೇ ಹೋಯಿತು.

ತಪ್ಪಿರುವುದು ಒಂದು ಪಿಇ ರೂಟರಿನ ಲೂಪ್‌ಬ್ಯಾಕ್ ಮಾಸ್ಕಿನಲ್ಲಿ. ಒಂದೇ ವಿಳಾಸ ಸೂಚಿಸುವ /32 ಇರಬೇಕಾದ ಕಡೆ 256 ವಿಳಾಸಗಳ /24 ಇದೆ. ಬೇರೆ ಹೇಳದಿದ್ದರೆ, ಮಾಸ್ಕ್ ಏನೇ ಇರಲಿ, ಓಎಸ್‌ಪಿಎಫ್ ಲೂಪ್‌ಬ್ಯಾಕನ್ನು /32 ಎಂದೇ ಸಾರುತ್ತದೆ. ಆ ರೂಟರ್ ಮಾತ್ರ ತನ್ನ ಬಳಿ ಇರುವ /24ಕ್ಕೆ ಲೇಬಲ್ ಹಂಚುತ್ತದೆ. ಪಕ್ಕದ ಪಿ ರೂಟರಿಗೆ ಬೇಕಾದ /32ಕ್ಕೆ ಲೇಬಲ್ಲೇ ಬರುವುದಿಲ್ಲ. ಲೂಪ್‌ಬ್ಯಾಕ್ ಪಿಂಗ್‌ಗೆ ಲೇಬಲ್ ಬೇಕಿಲ್ಲ, ಬರೀ ಐಪಿಯಲ್ಲಿ ದಾಟಿಹೋಗುತ್ತದೆ. ಗ್ರಾಹಕನ ಪ್ಯಾಕೆಟ್ಟಿನ ಲೇಬಲ್‌ಗಳು ಪಿ ರೂಟರಿನಲ್ಲೇ ಕಳಚಿಹೋಗುತ್ತವೆ, ಯಾವ ಗ್ರಾಹಕನದು ಎಂದು ಹೇಳುವ ಒಳಗಿನ ವಿಪಿಎನ್ ಲೇಬಲ್ ಸಮೇತ. ಪಿ ರೂಟರಿನಲ್ಲಿ ‘ಶೋ ಎಂಪಿಎಲ್‌ಎಸ್ ಫಾರ್ವರ್ಡಿಂಗ್-ಟೇಬಲ್’ ಹೊಡೆದರೆ ‘ಪಾಪ್ ಲೇಬಲ್’ (ಹೊರಗಿನದನ್ನಷ್ಟೇ ತೆಗೆ) ಇರಬೇಕಾದಲ್ಲಿ ‘ನೋ ಲೇಬಲ್’ ಎಂದು ಕಾಣುತ್ತದೆ. ಮಾಸ್ಕನ್ನು /32 ಮಾಡಬಹುದು, ಇಲ್ಲವೇ ಲೂಪ್‌ಬ್ಯಾಕ್ ಮೇಲೆ ಓಎಸ್‌ಪಿಎಫ್ ನೆಟ್‌ವರ್ಕ್ ಬಗೆಯನ್ನು ಪಾಯಿಂಟ್-ಟು-ಪಾಯಿಂಟ್ ಮಾಡಬಹುದು, ಆಗ ಓಎಸ್‌ಪಿಎಫ್ ಕೂಡ /24 ಎಂದೇ ಸಾರುತ್ತದೆ. ಐಪಿ ವಿಳಾಸ, ಮಾಸ್ಕ್ ಮುಟ್ಟಬಾರದು ಎಂದು ಪ್ರಶ್ನೆಯಲ್ಲಿದ್ದರೆ ಎರಡನೆಯದೇ ಗತಿ. ಪ್ರಶ್ನೆ ಸರಿಯಾಗಿ ಓದದವನು ರೋಗ ಹಿಡಿದೂ ಅಂಕ ಕಳೆದುಕೊಳ್ಳುತ್ತಾನೆ.

ಇಂಥದ್ದನ್ನು ಒಬ್ಬರೇ ಕೂತು ಕಲಿಯುವುದು ಕಷ್ಟ, ಯಾಕೆಂದರೆ ನೀವೇ ಕೆಡಿಸಿದ್ದು ಎಲ್ಲಿದೆ ಎಂದು ನಿಮಗೆ ಗೊತ್ತಿರುತ್ತದೆ. ಜೋಡಿ ಮಾಡಿಕೊಳ್ಳಿ. ಒಬ್ಬರು ಕೆಡಿಸಲಿ, ಇನ್ನೊಬ್ಬರು ಹುಡುಕಲಿ. ಮೊದಲ ಹತ್ತು ನಿಮಿಷ ಶೋ ಕಮಾಂಡ್ (ಸ್ಥಿತಿ ತೋರಿಸುವುದು, ಏನನ್ನೂ ಬದಲಿಸದ್ದು) ಬಿಟ್ಟು ಬೇರೇನೂ ಹೊಡೆಯಕೂಡದು ಎಂಬ ಕಟ್ಟು ಇಟ್ಟುಕೊಳ್ಳಿ. ಹೊಸ ಟಾಸ್ಕ್ ಮಾಡುವಾಗಲೂ ಕಾನ್ಫಿಗ್ ಶುರುಮಾಡುವ ಮೊದಲೇ, ಯಾವ ಔಟ್‌ಪುಟ್ ಕಂಡರೆ ಇದು ಮುಗಿದ ಹಾಗೆ ಎಂದು ಕಾಗದದಲ್ಲಿ ಬರೆಯಿರಿ.

ಟಾಸ್ಕ್‌ಗಳು ಒಂದರ ಕಾಲನ್ನೊಂದು ತುಳಿಯುತ್ತವೆ ಎಂಬುದೂ ನೆನಪಿರಲಿ. ಎರಡು ಗಡಿ ರೂಟರ್‌ಗಳಲ್ಲಿ ಇಐಜಿಆರ್‌ಪಿ (ಇನ್ನೊಂದು ರೂಟಿಂಗ್ ಪ್ರೋಟೊಕಾಲ್), ಓಎಸ್‌ಪಿಎಫ್ ಪರಸ್ಪರ ರೀಡಿಸ್ಟ್ರಿಬ್ಯೂಟ್ ಮಾಡಿದಿರಿ, ಅಂದರೆ ಒಂದರ ರೂಟನ್ನು ಇನ್ನೊಂದಕ್ಕೆ ಕೊಟ್ಟಿರಿ ಅನ್ನಿ. ಇಐಜಿಆರ್‌ಪಿಗೆ ಹೊರಗಿನಿಂದ ಬಂದ ರೂಟಿಗೆ ‘ದೂರ’ (ರೂಟರ್ ನಂಬುವ ಅಳತೆ, ಕಡಿಮೆಯಿದ್ದದ್ದು ಗೆಲ್ಲುತ್ತದೆ) 170, ಓಎಸ್‌ಪಿಎಫ್‌ಗೆ 110. ಮೊದಲ ಗಡಿಯಲ್ಲಿ ಓಎಸ್‌ಪಿಎಫ್ ಒಳಗೆ ಹೋದ ಅದೇ ರೂಟ್ ಎರಡನೇ ಗಡಿಗೆ 110ರಲ್ಲಿ ಬಂದು ಅಸಲಿಯನ್ನು ತಳ್ಳಿಹಾಕುತ್ತದೆ. ರೂಟಿಗೆ ಟ್ಯಾಗ್ (ಗುರುತು) ಹಾಕಿ ತಡೆಯದಿದ್ದರೆ ಎರಡು ಗಂಟೆ ಹಿಂದೆ ಸರಿಯಿದ್ದ ಟಾಸ್ಕ್ ಈಗ ಸತ್ತಿರುತ್ತದೆ, ನಿಮಗೆ ಸುಳಿವೂ ಇರುವುದಿಲ್ಲ.

ಸಾಮಾನಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ರೂಟರ್ ಹುಡುಕುವ ಕಾಲ ಮುಗಿಯಿತು. ರೂಟಿಂಗ್ ಆ್ಯಂಡ್ ಸ್ವಿಚಿಂಗ್ ಲ್ಯಾಬ್ (ಈಗಿನ ಪರೀಕ್ಷೆಯ ಹಿಂದಿನ ರೂಪ) 2014ರಲ್ಲೇ ವರ್ಚುವಲ್ ಆಯಿತು. ಕಂಪ್ಯೂಟರಿನಲ್ಲೇ ರೂಟರ್ ಓಡಿಸುವ ಇವಿಇ-ಎನ್‌ಜಿ, ಜಿಎನ್‌ಎಸ್3 ಅಥವಾ ಸಿಸ್ಕೊದ್ದೇ ಸಿಎಂಎಲ್ ಸಾಕು. ದುಡ್ಡಿದ್ದರೆ ರ್‍ಯಾಮ್‌ಗೆ ಹಾಕಿ, ಶಾಖೆಗಳ ಜಾಲವನ್ನು ಸಾಫ್ಟ್‌ವೇರ್‌ನಿಂದ ನಡೆಸುವ ಎಸ್‌ಡಿ-ವ್ಯಾನ್ ಕಂಟ್ರೋಲರ್‌ಗಳು ಅದನ್ನು ನುಂಗುತ್ತವೆ. ಪಠ್ಯಕ್ರಮದಲ್ಲಿ ಸಾಫ್ಟ್‌ವೇರ್ ಆಧಾರಿತ ಜಾಲಕ್ಕೆ 25 ಶೇಕಡಾ, ಆಟೊಮೇಷನ್‌ಗೆ 15. ಹಳೇ ಕೈಗಳು ರೂಟಿಂಗ್ ಇರುವ 30 ಶೇಕಡಾವನ್ನೇ ತಿದ್ದಿ ತೀಡುತ್ತ ಈ 40ನ್ನು ಕೊನೆಯ ತಿಂಗಳಿಗೆ ತಳ್ಳುವುದು ನನಗೆ ಅರ್ಥವಾಗದ ಲೆಕ್ಕ.

ಡಂಪ್ ಬಗ್ಗೆ ಎರಡೇ ಮಾತು. ಸೋರಿದ ಪ್ರಶ್ನೆಪತ್ರಿಕೆ ಉರುಹೊಡೆದು ಪಾಸಾಗಿ ಸಿಸಿಐಇ ನಂಬರ್ ಪಡೆದವರನ್ನು ಇಂಟರ್‌ವ್ಯೂನಲ್ಲಿ ಕೂರಿಸಿದ್ದೇನೆ. ಮೇಲಿನ ಲೂಪ್‌ಬ್ಯಾಕ್ ಪ್ರಶ್ನೆ ಹಾಕಿದರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಪರೀಕ್ಷೆಯ ದಿನ ಐದು ಗಂಟೆಯ ಭಾಗ ತೆರೆದೊಡನೆ ಎಲ್ಲ ಪ್ರಶ್ನೆಗಳನ್ನೂ ಒಮ್ಮೆ ಓದಿ. ಇಲ್ಲಿ ಹಿಂದೆ ಮುಂದೆ ಹೋಗಲು ಅವಕಾಶ ಇದೆ. ಕೊನೆಯ ಮುಕ್ಕಾಲು ಗಂಟೆ ಹೊಸ ಟಾಸ್ಕ್ ಮುಟ್ಟಬೇಡಿ. ಮೊದಲ ಟಾಸ್ಕಿನಿಂದ ಮತ್ತೆ ಶೋ ಕಮಾಂಡ್ ಹೊಡೆಯುತ್ತ ಬನ್ನಿ, ಪ್ರತಿ ಡಿವೈಸ್‌ನಲ್ಲೂ ಕಾನ್ಫಿಗ್ ಸೇವ್ ಆಗಿದೆಯೇ ನೋಡಿ.