ಥೈರಾಯ್ಡ್ ಸ್ಕ್ಯಾನ್: ಒಂದು ಪ್ರಶ್ನೆಯಿಂದ ಬಂದ ಚಿತ್ರ

ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಜಾಸ್ತಿ ಇದೆ ಎಂದು ರಿಪೋರ್ಟ್ ಬಂತು ಅನ್ನಿ. ಇಡೀ ಗ್ರಂಥಿ ಕೆರಳಿದೆಯಾ, ಒಂದೇ ಗಂಟು ಹಾರ್ಮೋನು ಸುರಿಸುತ್ತಿದೆಯಾ, ಅಥವಾ ಊದಿಕೊಂಡ ಗ್ರಂಥಿಯಿಂದ ಕೂಡಿಟ್ಟ ಹಾರ್ಮೋನು ಸೋರುತ್ತಿದೆಯಾ? ಸ್ಕ್ಯಾನ್ ಬೇಕಾಗುವುದು ಇಲ್ಲಿಯೇ.

ಇದರ ಬೇರು 1936ರ ನವೆಂಬರ್‌ನಲ್ಲಿದೆ. ಬಾಸ್ಟನ್ನಿನ ಹಾರ್ವರ್ಡ್ ಮೆಡಿಕಲ್ ಸ್ಕೂಲಿನಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಅವರ ಭಾಷಣವಿತ್ತು. ಥೈರಾಯ್ಡ್ ರೋಗಿಗಳನ್ನು ನೋಡುತ್ತಿದ್ದ ಡಾ. ಸಾಲ್ ಹರ್ಟ್ಜ್ ಕೇಳಿದರು: ಅಯೋಡಿನ್ನನ್ನು ವಿಕಿರಣ ಸೂಸುವಂತೆ ಮಾಡಬಹುದಾ? ಹಾರ್ಮೋನು ತಯಾರಿಸಲು ಥೈರಾಯ್ಡ್ ಅಯೋಡಿನ್ನನ್ನು ಹುಡುಕಿ ಎಳೆದುಕೊಳ್ಳುತ್ತದೆ. ಆ ಅಯೋಡಿನ್ನೇ ಸುಳಿವು ಕೊಟ್ಟರೆ ಗ್ರಂಥಿಯ ಕೆಲಸ ಹೊರಗಿನಿಂದಲೇ ತಿಳಿಯುತ್ತದಲ್ವಾ!

ಅವರ ತಂಡ ಮೊದಲು ಮೊಲಗಳ ಮೇಲೆ ಪ್ರಯೋಗ ಮಾಡಿತು. ಆಗ ಸಿಕ್ಕಿದ್ದ ವಿಕಿರಣ ಅಯೋಡಿನ್, ಅಂದರೆ ಅಯೋಡಿನ್-128, ಇಪ್ಪತ್ತೈದೇ ನಿಮಿಷದಲ್ಲಿ ಅರ್ಧಕ್ಕಿಳಿಯುತ್ತಿತ್ತು. 1938ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿಜ್ಞಾನಿಗಳಾದ ಲಿವಿಂಗುಡ್ ಮತ್ತು ಸೀಬೋರ್ಗ್ ಅಯೋಡಿನ್-131 ಕಂಡುಹಿಡಿದರು. ಇದು ಅರ್ಧವಾಗಲು ಎಂಟು ದಿನ. 1941ರಲ್ಲಿ ಹರ್ಟ್ಜ್ ವಿಕಿರಣ ಅಯೋಡಿನ್ನನ್ನೇ ಔಷಧಿಯಾಗಿ ರೋಗಿಗೆ ಕೊಟ್ಟರು.

ಚಿತ್ರ ಮಾತ್ರ ಇನ್ನೂ ಇರಲಿಲ್ಲ. ಕುತ್ತಿಗೆಯ ಮುಂದೆ ವಿಕಿರಣ ಎಣಿಸುವ ಕೌಂಟರ್ ಹಿಡಿದು, ಒಂದೊಂದು ಜಾಗದಲ್ಲೂ ಎಣಿಸಿ ಬರೆದುಕೊಳ್ಳಬೇಕಿತ್ತು. ಕ್ಯಾಲಿಫೋರ್ನಿಯಾದ ಬೆನೆಡಿಕ್ಟ್ ಕ್ಯಾಸೆನ್ 1950ರ ಹೊತ್ತಿಗೆ ಆ ಕೌಂಟರಿಗೆ ಮೋಟರ್ ಜೋಡಿಸಿದರು. ಅದು ಗದ್ದೆ ಉಳುವ ನೇಗಿಲಿನ ಹಾಗೆ ಸಾಲು ಸಾಲಾಗಿ ಚಲಿಸುತ್ತಿತ್ತು. ಅಯೋಡಿನ್ ಹೆಚ್ಚಿದ್ದಲ್ಲಿ ಕಾಗದದ ಮೇಲೆ ಚುಕ್ಕಿಗಳು ಒತ್ತೊತ್ತಾಗಿ ಬೀಳುತ್ತಿದ್ದವು. ಕೊನೆಗೆ ಚುಕ್ಕಿಗಳಲ್ಲೇ ಚಿಟ್ಟೆಯಾಕಾರದ ಗ್ರಂಥಿ ಮೂಡುತ್ತಿತ್ತು. ನನಗೆ ಈ ಇತಿಹಾಸದಲ್ಲಿ ತುಂಬ ಇಷ್ಟವಾಗುವ ಘಟ್ಟ ಇದೇ.

ಆಮೇಲೆ ಹಾಲ್ ಆಂಗರ್ ಅವರ ಗಾಮಾ ಕ್ಯಾಮೆರಾ ಬಂತು, ಇಡೀ ಗ್ರಂಥಿಯ ಚಿತ್ರವನ್ನು ಒಟ್ಟಿಗೆ ತೆಗೆಯುವಂಥದ್ದು. ಈಗ ಹೆಚ್ಚಾಗಿ ಬಳಸುವುದು ಆರು ಗಂಟೆಯಲ್ಲಿ ಅರ್ಧವಾಗುವ, ವಿಕಿರಣ ಸೂಸುವ ಇನ್ನೊಂದು ಧಾತು ಟೆಕ್ನೀಷಿಯಂ. ಅಯೋಡಿನ್ ಬರುವ ದಾರಿಯಲ್ಲೇ ಇದನ್ನೂ ಥೈರಾಯ್ಡ್ ಒಳಗೆ ಬಿಟ್ಟುಕೊಳ್ಳುತ್ತದೆ. ಇಂಜೆಕ್ಷನ್ ಕೊಟ್ಟು ಸುಮಾರು ಇಪ್ಪತ್ತು ನಿಮಿಷಕ್ಕೆ ಚಿತ್ರ ಸಿದ್ಧ.

ಹೆಚ್ಚು ಹೀರುವ ಗಂಟು 'ಹಾಟ್', ಹೀರದ ಗಂಟು 'ಕೋಲ್ಡ್'. ಕೋಲ್ಡ್ ಅಂದ ಕೂಡಲೇ ಹೆದರಬೇಡಿ, ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೂ ಅಲ್ಟ್ರಾಸೌಂಡ್, ಬೇಕಾದರೆ ಸೂಜಿ ಪರೀಕ್ಷೆ ಮಾಡಿಸಲೇಬೇಕು. ಇಡೀ ಗ್ರಂಥಿ ಕೆರಳುವ ಗ್ರೇವ್ಸ್ ಕಾಯಿಲೆಯಲ್ಲಿ ಗ್ರಂಥಿ ಪೂರ್ತಿ ಗಾಢವಾಗಿ ಕಾಣುತ್ತದೆ. ಸೋರುವ ಗ್ರಂಥಿ ಬಹುತೇಕ ಖಾಲಿ ಕಾಣುತ್ತದೆ. ರಕ್ತದಲ್ಲಿ ಎರಡಕ್ಕೂ ಹಾರ್ಮೋನು ಜಾಸ್ತಿಯೇ! ಆದರೆ ಹಾರ್ಮೋನು ತಯಾರಿ ತಡೆಯುವ ಮಾತ್ರೆ ಗ್ರೇವ್ಸ್‌ಗೆ ಕೆಲಸ ಮಾಡುತ್ತದೆ, ಸೋರಿಕೆಗೆ ಮಾಡುವುದಿಲ್ಲ.

ಗರ್ಭಿಣಿಯರಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಮೊದಲೇ ಹೇಳಿ. ಇತ್ತೀಚೆಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದ್ದರೂ ಹೇಳಿ. ಆ ಕಾಂಟ್ರಾಸ್ಟಿನಲ್ಲೂ ಅಯೋಡಿನ್ ಇರುತ್ತದೆ. ಹೊಟ್ಟೆ ತುಂಬಿದ ಗ್ರಂಥಿ ಮತ್ತೆ ಹೀರುವುದಿಲ್ಲ, ಚಿತ್ರ ಸುಮ್ನೆ ಖಾಲಿ ಬರುತ್ತದೆ.