ಗೋಡೆ ಗಟ್ಟಿ, ಬುಡ ಟೊಳ್ಳು: ಹಳೆಯ ನದಿ ಒಡ್ಡುಗಳು ಕುಸಿಯುವುದೇಕೆ

2018ರ ಆಗಸ್ಟ್ 22ರ ರಾತ್ರಿ ತಿರುಚಿರಾಪಳ್ಳಿ ಪಕ್ಕದ ಮುಕ್ಕೊಂಬಿನಲ್ಲಿ, ಕೊಳ್ಳಿಡಂ ನದಿಗೆ ಅಡ್ಡಲಾಗಿದ್ದ ಮೇಲಣೆಯ ಒಂಬತ್ತು ಕಿಂಡಿಗಳು ಕಂಬ, ಶಟರ್ ಸಮೇತ ಕೊಚ್ಚಿಹೋದವು. ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ 1836ರಲ್ಲಿ ಕೈಹಾಕಿ ಕಟ್ಟಿಸಿದ ಒಡ್ಡು ಅದು. ಆ ತಿಂಗಳು ಕಾವೇರಿ ಭೋರ್ಗರೆದು ಹರಿದಿದ್ದಳು ನಿಜ. ಆದರೆ ಒಡ್ಡು ಮುರಿದದ್ದು ನೆರೆ ಉಕ್ಕಿದ್ದಾಗಲ್ಲ, ನೀರು ಇಳಿಯತೊಡಗಿದ ಮೇಲೆ. ಇದು ಹೊರಗಿನವರಿಗೆ ಒಗಟು. ಒಡ್ಡಿನ ಕೆಲಸ ಬಲ್ಲವರಿಗೆ ಅಲ್ಲ.

ಕನ್ನಡದಲ್ಲಿ ಕೆಆರ್‌ಎಸ್ ಕೂಡ ಅಣೆಕಟ್ಟು, ಆಳೆತ್ತರದ ಕಲ್ಲಿನ ಕಟ್ಟೆಯೂ ಅಣೆಕಟ್ಟು. ಇಂಗ್ಲಿಷರು ಇದರ ತಮಿಳು ರೂಪವಾದ 'ಅಣೈಕಟ್ಟು' ಪದವನ್ನು ತಿರುಚಿ 'ಆನಿಕಟ್' ಮಾಡಿಕೊಂಡು, ಗಿಡ್ಡ ಒಡ್ಡುಗಳಿಗಷ್ಟೇ ಮೀಸಲಿಟ್ಟರು. ರೈತರ ಬಾಯಲ್ಲಿ ಅದು ಒಡ್ಡು, ಕಟ್ಟೆ, ಇಲ್ಲವೇ ಪಿಕಪ್. ಇದರ ಕೆಲಸ ನೀರು ಕೂಡಿಡುವುದಲ್ಲ. ಹೊಳೆಯ ಮಟ್ಟವನ್ನು ಕೆಲವು ಅಡಿ ಎತ್ತಿ, ದಡದ ನಾಲೆಯ ಬಾಯಿಗೆ ಮುಟ್ಟಿಸುವುದು. ಮಿಕ್ಕ ನೀರು ತಲೆಯ ಮೇಲಿಂದ ಹರಿದುಹೋಗುತ್ತದೆ. ಭಾಗಗಳೂ ಹೆಚ್ಚಿಲ್ಲ: ಅಡ್ಡಗೋಡೆ, ನೀರು ಬೀಳುವ ಕಡೆಗೆ ಕಲ್ಲಿನ ನೆಲಹಾಸು, ನಾಲೆಯ ಬಾಯಿಗೆ ತೂಬು, ಆ ತೂಬಿನ ಮುಂದೆ ಹೂಳು ನಿಲ್ಲದಂತೆ ಗೋಡೆಯಲ್ಲೇ ಒಂದು ಮರಳು ತೂಬು.

ನಮ್ಮ ಕಡೆ ಇದರ ಇತಿಹಾಸ ಉದ್ದದ್ದು. ತುಂಗಭದ್ರೆಯ ಮೇಲಿನ ವಿಜಯನಗರ ಕಾಲದ ಒಡ್ಡುಗಳು ನೇರ ಗೆರೆಯಲ್ಲಿಲ್ಲ. ಹೊಳೆಯೊಳಗಿನ ಬಂಡೆಯಿಂದ ಬಂಡೆಗೆ, ನಡುಗಡ್ಡೆಯಿಂದ ನಡುಗಡ್ಡೆಗೆ ಓರೆಯಾಗಿ ಹಾಯುತ್ತವೆ. ತುರ್ತಾ ಕಾಲುವೆ ಇಂದಿಗೂ ಹಂಪಿಯ ಗದ್ದೆ, ಬಾಳೆ ತೋಟಗಳಿಗೆ ನೀರುಣಿಸುತ್ತಿದೆ. ಶ್ರೀರಂಗಪಟ್ಟಣದ ಸುತ್ತ ಬಂಗಾರದೊಡ್ಡಿ, ಚಿಕ್ಕದೇವರಾಜ ಸಾಗರ, ವಿರಿಜಾ ನಾಲೆಗಳು ಕೆಆರ್‌ಎಸ್‌ಗಿಂತ ನೂರಾರು ವರ್ಷ ಹಿರಿಯವು. ಇವುಗಳ ಒಡ್ಡುಗಳಿಗೆ ಬಹುಪಾಲು ಬಂಡೆಯೇ ತಳಪಾಯ. ಬಂಡೆ ಮೇಲಿನ ಒಡ್ಡಿಗೆ ಬರುವ ಕಾಯಿಲೆ ಕಣ್ಣಿಗೆ ಕಾಣುವಂಥದ್ದು: ಸಂದಿನ ಗಾರೆ ಕರಗಿ ನೀರು ಚಿಮ್ಮುತ್ತದೆ, ನೆರೆ ಮೇಲಿನ ಸಾಲಿನ ಒಂದೆರಡು ಕಲ್ಲು ಎಬ್ಬಿಸುತ್ತದೆ, ಅಲ್ಲಿಂದ ಸಾಲು ಬಿಚ್ಚುತ್ತದೆ. ಬೇಸಿಗೆಯಲ್ಲಿ ನಾಲೆ ನಿಲ್ಲಿಸಿ ಕಲ್ಲು ಕೂರಿಸಿ, ಸಂದು ತುಂಬಿದರೆ ಅದು ಮತ್ತೆ ದುಡಿಯುತ್ತದೆ.

ಮರಳ ಮೇಲೆ ನಿಂತ ಒಡ್ಡಿನ ಸಂಗತಿಯೇ ಬೇರೆ. ಕರಿಕಾಲ ಚೋಳನ ಹೆಸರಿನ, ಕಾವೇರಿಯ ಕಲ್ಲಣೆ ಆಳ ಸಿಗದ ಮರಳಿನಲ್ಲಿ ದೊಡ್ಡ ಕಲ್ಲುಗಳನ್ನು ಇಳಿಬಿಟ್ಟು ಎಬ್ಬಿಸಿದ್ದು. ಕಾಟನ್ ಅದನ್ನು ನೋಡಿಯೇ ಮರಳಿನಲ್ಲಿ ಅಡಿಪಾಯ ಹಾಕುವ ಧೈರ್ಯ ಮಾಡಿದ. ಮುಕ್ಕೊಂಬಿನ ನಂತರ ಗೋದಾವರಿಗೆ ಧವಳೇಶ್ವರದಲ್ಲಿ, ಕೃಷ್ಣೆಗೆ ವಿಜಯವಾಡದಲ್ಲಿ ಒಡ್ಡುಗಳು ಬಂದವು. 1855ರಲ್ಲಿ ಮುಗಿದ ಕೃಷ್ಣೆಯ ಒಡ್ಡು 1952ರಲ್ಲಿ ಒಡೆಯಿತು. ಅದರ ಜಾಗಕ್ಕೆ ಬಂದದ್ದೇ 1957ರ ಪ್ರಕಾಶಂ ಬ್ಯಾರೇಜ್.

ಮರಳಿನ ಒಡ್ಡು ಹೇಗೆ ಸಾಯುತ್ತದೆ ಎಂಬುದು ಶಾಸ್ತ್ರವಾದದ್ದು ಗಂಗೆಯ ನರೋರಾದಲ್ಲಿ. 1898ರಲ್ಲಿ ಅಲ್ಲಿನ ಒಡ್ಡಿನ ನೆಲಹಾಸು ಅಡಿಯಿಂದ ಎದ್ದು ಒಡೆಯಿತು. ಕಾಲ ಮಾರ್ಚ್, ಅಂದರೆ ನೆರೆಯೇ ಇಲ್ಲದ ಹೊತ್ತು. ಮೇಲುಗಡೆ ನಿಂತ ನೀರು ಗೋಡೆಯ ಅಡಿಯ ಮರಳಿನಲ್ಲಿ ನುಸುಳಿ ಕೆಳಗಡೆ ಹೊರಬರುತ್ತದೆ. ದಾರಿ ಉದ್ದವಿದ್ದರೆ ಅದರ ಜೋರು ಅಲ್ಲೇ ಸವೆಯುತ್ತದೆ. ಗಿಡ್ಡವಿದ್ದರೆ ಹೊರಬರುವಾಗ ಮರಳಿನ ಕಣಗಳನ್ನೂ ಎತ್ತಿಕೊಂಡು ಬರುತ್ತದೆ, ಗೋಡೆಯಡಿ ಒಂದು ಬಿಲ ಕೊರೆಯುತ್ತಾ ಮೇಲುಗಡೆಗೆ ಸಾಗುತ್ತದೆ. ಜೊತೆಗೆ ಅಡಿಯಿಂದ ನೆಲಹಾಸನ್ನು ಎತ್ತಿ ಒತ್ತುತ್ತದೆ.

ಎಂಜಿನಿಯರ್ ಬ್ಲೈ 1910ರಲ್ಲಿ ಕೊಟ್ಟ ಲೆಕ್ಕ ಸರಳ: ದಪ್ಪ ಮರಳಾದರೆ ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸದ 12 ಪಟ್ಟು, ನುಣ್ಣನೆ ಮರಳಾದರೆ 15ರಿಂದ 18 ಪಟ್ಟು ದಾರಿ ಇರಬೇಕು. 1936ರಲ್ಲಿ ಎಂಜಿನಿಯರ್ ಖೋಸ್ಲಾ ಮತ್ತು ಜೊತೆಗಾರರು ಇದನ್ನು ತಿದ್ದಿದರು. ಪಂಜಾಬಿನ ನಾಲೆಗಳ ಕಟ್ಟಡದಡಿ ಕೊಳವೆ ಇಳಿಸಿ ಅಳೆದಾಗ ಒತ್ತಡ ಬ್ಲೈ ಹೇಳಿದಂತಿರಲಿಲ್ಲ. ದಾರಿಯ ಉದ್ದಕ್ಕಿಂತ ನೀರು ಹೊರಬರುವ ತುದಿಯೇ ಮುಖ್ಯ, ಅಲ್ಲಿ ಆಳಕ್ಕೆ ಇಳಿದ ತಡೆಗೋಡೆ ಇರಲೇಬೇಕು ಎಂಬುದು ಅವರ ತೀರ್ಮಾನ. ಆ ತುದಿಯಲ್ಲಿ ನೀರು ಮರಳನ್ನು ಎತ್ತುವ ಜೋರಿಗೂ (ಮರಳಿನಲ್ಲಿ ಸಾಗಿದ ದೂರಕ್ಕೆ ನೀರಿನ ಮಟ್ಟ ಎಷ್ಟು ಕುಸಿಯುತ್ತದೆ ಎಂಬ ಅನುಪಾತ) ಅವರು ಮಿತಿ ಹಾಕಿದರು: ದಪ್ಪ ಮರಳಿಗೆ ಐದರಲ್ಲಿ ಒಂದರಿಂದ ಆರರಲ್ಲಿ ಒಂದು, ನುಣ್ಣನೆ ಮರಳಿಗೆ ಆರರಲ್ಲಿ ಒಂದರಿಂದ ಏಳರಲ್ಲಿ ಒಂದು.

ಈಗ ಒಂದು ಒಡ್ಡನ್ನು ಕಲ್ಪಿಸಿಕೊಳ್ಳಿ. ನೆಲಹಾಸು 40 ಮೀಟರ್, ಅದರ ಕೆಳತುದಿಯಲ್ಲಿ 4 ಮೀಟರ್ ಆಳದ ತಡೆಗೋಡೆ, ನೀರಿನ ವ್ಯತ್ಯಾಸ 4 ಮೀಟರ್, ತಳದಲ್ಲಿ ದಪ್ಪ ಮರಳು. ಬ್ಲೈ ಲೆಕ್ಕಕ್ಕೆ 48 ಮೀಟರ್ ದಾರಿ ಬೇಕು. ತಡೆಗೋಡೆಯ ಎರಡೂ ಮೈ ಸೇರಿ ಸರಿಯಾಗಿ 48 ಇದೆ. ಖೋಸ್ಲಾ ಸೂತ್ರಕ್ಕೆ ಹಾಕಿದರೆ ತುದಿಯ ಜೋರು ಸುಮಾರು ಏಳೂವರೆಯಲ್ಲಿ ಒಂದು. ಒಡ್ಡು ಕ್ಷೇಮ. ಇನ್ನು ಕೆಳಗಡೆಯ ಮರಳನ್ನು ಲಾರಿಗಳು ಸಾಗಿಸಿ ಹೊಳೆಯ ತಳ ಒಂದೂವರೆ ಮೀಟರ್ ಇಳಿಯಿತು ಎನ್ನಿ. ಕೆಳಗಿನ ನೀರಿನ ಮಟ್ಟವೂ ಅಷ್ಟೇ ಇಳಿದು ವ್ಯತ್ಯಾಸ 5.5 ಮೀಟರ್ ಆಯಿತು. ತಡೆಗೋಡೆಯ ಹೊರಮೈ ಮರಳಿನಲ್ಲಿ ಹೂತಿರುವುದು ಎರಡೂವರೆ ಮೀಟರ್ ಮಾತ್ರ, ಒಳಮೈ ಮೊದಲಿನ 4 ಮೀಟರೇ. ಬೇಕಾದ ದಾರಿ 66 ಮೀಟರ್, ಇರುವುದು 46.5. ತುದಿಯ ಜೋರು ನಾಲ್ಕರಲ್ಲಿ ಒಂದಕ್ಕೆ ಏರಿತು, ಮಿತಿ ದಾಟಿತು. ಗೋಡೆಯ ಒಂದು ಕಲ್ಲೂ ಅಲುಗಿಲ್ಲ, ಸುಣ್ಣ ಬಳಿದು ಹೊಸದಾಗಿಯೇ ಕಾಣುತ್ತಿರುತ್ತದೆ.

ನೆರೆ ಇಳಿಯುವಾಗಿನ ಒಗಟಿಗೂ ಇಲ್ಲೇ ಉತ್ತರ. ಹೊಳೆ ತುಂಬಿದ್ದಾಗ ಮೇಲೆ, ಕೆಳಗೆ ನೀರು ಹೆಚ್ಚುಕಡಿಮೆ ಒಂದೇ ಮಟ್ಟ. ಒಡ್ಡು ಮುಳುಗಿ ನೆಮ್ಮದಿಯಾಗಿರುತ್ತದೆ. ಆದರೆ ಅದೇ ಹೊತ್ತಿಗೆ ರಭಸ ಬುಡವನ್ನು ಕೊರೆದಿರುತ್ತದೆ. ನೀರು ಇಳಿದು, ಮೇಲುಗಡೆ ಶಟರ್ ಹಾಕಿ ಮಟ್ಟ ಹಿಡಿದಾಗ ವ್ಯತ್ಯಾಸ ಏಕಾಏಕಿ ಏರುತ್ತದೆ, ಕೆಳಗಡೆ ಹಳ್ಳ ಹಾಗೇ ಇರುತ್ತದೆ. ಮುಕ್ಕೊಂಬಿನಲ್ಲಿ ರೈತರು ಬೊಟ್ಟು ಮಾಡಿದ್ದು ಮರಳುಗಾರಿಕೆಯ ಕಡೆಗೇ. ಮೇಲೆ ದೊಡ್ಡ ಜಲಾಶಯವಿದ್ದರೆ ಇನ್ನೊಂದು ತೊಂದರೆ: ಹೂಳೆಲ್ಲ ಅಲ್ಲೇ ನಿಂತು, ಕೆಳಗೆ ಬರುವ ತಿಳಿನೀರು ಹೊಳೆಯ ತಳವನ್ನೇ ಕೆರೆಯುತ್ತದೆ.

ಆದ್ದರಿಂದ ಪರೀಕ್ಷೆ ಮಾಡುವವರು ಗೋಡೆಯ ಮೇಲೆ ನಡೆದು ಬಂದರೆ ಪ್ರಯೋಜನವಿಲ್ಲ. ಪ್ರತಿ ನೆರೆಯ ನಂತರ ದೋಣಿಯಲ್ಲಿ ಹೋಗಿ, ನೆಲಹಾಸಿನ ಅಂಚಿನಿಂದ ಆಚೆಗೆ ಹತ್ತತ್ತು ಮೀಟರಿಗೆ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಬರೆದುಕೊಳ್ಳಬೇಕು, ಹಿಂದಿನ ವರ್ಷದ ಆಳದೊಂದಿಗೆ ಹೋಲಿಸಬೇಕು. ಬೇಸಿಗೆಯಲ್ಲಿ ನೆಲಹಾಸು ಬರಿದಾದಾಗ ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಜಾಗ ಡಬ್‌ಡಬ್ ಎನ್ನುತ್ತದೆ. ಸೋರುವ ನೀರನ್ನು ಒಂದೆಡೆ ತಿರುಗಿಸಿ 90 ಡಿಗ್ರಿಯ 'ವಿ' ಕಂಡಿಯ ತಗಡು ನಿಲ್ಲಿಸಿದರೆ ಅಳತೆ ಸಿಗುತ್ತದೆ: ಕಂಡಿಯಲ್ಲಿ ನೀರು 10 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 20 ಸೆಂ.ಮೀ. ಇದ್ದರೆ ಹತ್ತಿರ ಹತ್ತಿರ 25 ಲೀಟರ್. ತಿಳಿನೀರು ಒಂದೇ ಅಳತೆಯಲ್ಲಿ ವರ್ಷಗಟ್ಟಲೆ ಸೋರಿದರೆ ಹೆಚ್ಚು ಚಿಂತೆಯಿಲ್ಲ. ಅದೇ ನೀರು ಕದಡಿ ಬಂದರೆ, ಬುಡದಲ್ಲಿ ಮರಳು ಅನ್ನದ ಹಾಗೆ ಕುದಿಯುತ್ತಿದ್ದರೆ, ಒಡ್ಡಿನ ಅಡಿಪಾಯವೇ ಹೊರಗೆ ಬರುತ್ತಿದೆ ಎಂದರ್ಥ.

ಎಡವಟ್ಟು ರಿಪೇರಿಯಲ್ಲೂ ಆಗುತ್ತದೆ. ಕೆಳಗಡೆ ನೀರು ಚಿಮ್ಮುವುದನ್ನು ಕಂಡು ಅಲ್ಲೇ ಸಿಮೆಂಟ್ ಮೆತ್ತುವುದು ಎಲ್ಲ ಕಡೆ ಕಾಣುವ ತಪ್ಪು. ಹೊರದಾರಿ ಮುಚ್ಚಿದ ನೀರು ನೆಲಹಾಸನ್ನು ಅಡಿಯಿಂದ ಎತ್ತುತ್ತದೆ. ಸೋರಿಕೆ ತಡೆಯಬೇಕಾದದ್ದು ಮೇಲುಗಡೆಯಲ್ಲಿ. ಕೆಳಗಡೆ ನೀರಿಗೆ ದಾರಿ ಬಿಟ್ಟು ಮರಳನ್ನಷ್ಟೇ ಹಿಡಿಯಬೇಕು. ಅದಕ್ಕೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ, ಕೊನೆಗೆ ಭಾರಕ್ಕೆ ಕಲ್ಲು ಹಾಸುತ್ತಾರೆ. ಮರಳು ಕುದಿಯುತ್ತಿರುವ ಜಾಗಕ್ಕೆ ತುರ್ತಾಗಿ ಮಾಡುವುದೂ ಇದೇ ತರ್ಕದ್ದು: ಸುತ್ತ ಮರಳು ಮೂಟೆಗಳ ಬಳೆ ಕಟ್ಟಿ ಒಳಗೆ ನೀರು ಏರಲು ಬಿಡುತ್ತಾರೆ, ಬುಗ್ಗೆಯ ಬಾಯಿಗೆ ಮೂಟೆ ತುರುಕುವುದಿಲ್ಲ. ನೆಲಹಾಸಿನ ಆಚೆ ಬಿಡಿ ಕಲ್ಲಿನ ಹಾಸು ಇರುವುದೂ ಅಲಂಕಾರಕ್ಕಲ್ಲ. ಹಳ್ಳ ಬಿದ್ದಾಗ ಆ ಕಲ್ಲುಗಳು ತಾವೇ ಜಾರಿ ಇಳಿಜಾರಿಗೆ ಹೊದಿಕೆಯಾಗಬೇಕು. ಚೊಕ್ಕವಾಗಿ ಕಾಣಲೆಂದು ಅದಕ್ಕೂ ಕಾಂಕ್ರೀಟ್ ಸುರಿದರೆ ಕಲ್ಲು ಜಾರುವುದಿಲ್ಲ, ಅಡಿಯಲ್ಲಿ ಪೊಳ್ಳಾಗಿ ಒಮ್ಮೆಗೇ ಮುರಿದು ಬೀಳುತ್ತದೆ.

ಜನರ ಜೀವದ ಮಾತೂ ಇದೆ. ಬಲಮುರಿಯಂಥ ಕಡೆ ಕಟ್ಟೆ ಮೇಲಿಂದ ತೆಳ್ಳಗೆ ಇಳಿಯುವ ನೀರು ಈಜಲು ಕರೆಯುತ್ತದೆ. ಹರಿವು ಹೆಚ್ಚಿದ ದಿನ ಬುಡದಲ್ಲಿ ನೀರು ಗೋಡೆಯ ಕಡೆಗೇ ಹಿಂದಕ್ಕೆ ಮಗುಚುತ್ತಿರುತ್ತದೆ. ಸಿಕ್ಕಿದವರನ್ನು ಅದು ಹೊರಳಿಸುತ್ತಲೇ ಇರುತ್ತದೆ, ಬಿಡುವುದಿಲ್ಲ.

ಇನ್ನು ಕಾನೂನು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವನ್ನು ಹಿಡಿಯುತ್ತದೆ. 10ರಿಂದ 15 ಮೀಟರಿನವಾದರೆ ಉದ್ದ 500 ಮೀಟರ್ ಇರಬೇಕು, ಇಲ್ಲವೇ ಸೆಕೆಂಡಿಗೆ 2,000 ಘನ ಮೀಟರ್ ನೆರೆ ದಾಟಿಸುವಂತಿರಬೇಕು, ಅಡಿಪಾಯ ವಿಶೇಷ ತೊಡಕಿನದಾಗಿರಬೇಕು, ಇಂಥ ಷರತ್ತುಗಳಲ್ಲಿ ಒಂದಾದರೂ ಹೊಂದಬೇಕು. 10 ಮೀಟರಿಗಿಂತ ಗಿಡ್ಡವಾದರೆ ಹೊಳೆ ಎಷ್ಟೇ ಅಗಲವಿರಲಿ, ತಳ ಎಷ್ಟೇ ಸಡಿಲವಿರಲಿ, ಕಾಯ್ದೆಯ ಪಟ್ಟಿಗೆ ಸೇರುವುದಿಲ್ಲ. ನಮ್ಮ ಹಳೆಯ ಒಡ್ಡುಗಳಲ್ಲಿ ಬಹುಪಾಲು ಈ ಗಿಡ್ಡ ಗುಂಪಿನವೇ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕಿತ್ತುಹೋದಾಗ ರಾಜ್ಯದ ಕಣ್ಣೆಲ್ಲ ಗೇಟು, ಚೈನುಗಳ ಮೇಲೆ ನೆಟ್ಟಿತು. ಪಿಕಪ್‌ಗಳಲ್ಲಿ ಕೆಡುವುದು ಗೇಟಿಗಿಂತ ಮೊದಲು ಬುಡ, ಮತ್ತು ಆ ಬುಡದ ಮರಳಿಗೆ ಟೆಂಡರ್ ಕರೆಯುವುದು ಬೇರೆ ಇಲಾಖೆ.